ಹಳೆಯ ಜಾವಾಗೆ ಹಳೆಯ ಸ್ಕ್ರೂ

ಕಲಬುರಗಿಯಲ್ಲಿ ಹಳೆಯ ಜಾವಾ ಮೋಟಾರ್‌ಸೈಕಲ್ಲನ್ನು ಓಡುವಂತೆ ಮಾಡಿಸುವುದು ಕಷ್ಟವಲ್ಲ. ಆ ಎಂಜಿನ್ ಬಲ್ಲ ಮೇಸ್ತ್ರಿಗಳು ಇನ್ನೂ ಇದ್ದಾರೆ. ಕಷ್ಟವಿರುವುದು, ಮೈಸೂರಿನ ಕಾರ್ಖಾನೆಯಿಂದ ಹೊರಬಿದ್ದಾಗ ಗಾಡಿ ಹೇಗಿತ್ತೋ ಹಾಗೆಯೇ ಅದನ್ನು ನಿಲ್ಲಿಸುವುದರಲ್ಲಿ. ಐಡಿಯಲ್ ಜಾವಾ ಕಂಪನಿ 1961ರಲ್ಲಿ ಅಲ್ಲಿ ತಯಾರಿಕೆ ಆರಂಭಿಸಿತು. ಆಳಂದ ಕಡೆಯ ಒಂದು ಮನೆಯ ಕೊಟ್ಟಿಗೆಯಿಂದ ನಾನು ತಂದ 250 ಸಿಸಿ ಗಾಡಿಯ ಆರ್‌ಸಿ ಪುಸ್ತಕದಲ್ಲಿ 1968 ಎಂದಿದೆ.

ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು ಎಂಬುದಕ್ಕೆ ನಾನು ಮೊದಲು ನಂಬಿದ್ದು ಗಾಡಿಯನ್ನೇ. ಬೇರೆಯವರ ಚೆಂದದ ಫೋಟೊಗಳನ್ನಲ್ಲ, ಏಕೆಂದರೆ ಅವೂ ಯಾರೋ ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗಳೇ ಆಗಿರುತ್ತವೆ. ಒಂದೊಂದು ಬೋಲ್ಟ್ ಬಿಚ್ಚುವ ಮೊದಲೂ ಫೋಟೊ ತೆಗೆದೆ. ವೈರು ಎಲ್ಲಿಂದ ಹಾದು ಹೋಗುತ್ತದೆ, ವಾಷರ್ ಯಾವ ಬದಿಗಿದೆ, ಕೇಬಲ್ ಹ್ಯಾಂಡಲ್‌ನ ಮುಂದೆಯೋ ಹಿಂದೆಯೋ, ಎಲ್ಲವನ್ನೂ ಬರೆದಿಟ್ಟುಕೊಂಡೆ.

ಬಣ್ಣದ ಸಾಕ್ಷಿ ಸಿಕ್ಕಿದ್ದು ಹೆಡ್‌ಲೈಟ್ ಕೂರುವ ಲೋಹದ ಚಿಪ್ಪಿನ, ಅಂದರೆ ಡೂಮ್‌ನ, ಒಳಗೆ. ಹೊರಗೆ ಕಪ್ಪು. ಒಂದು ಮೂಲೆಯಲ್ಲಿ ನೀರು ಹಾಕಿ ಸಣ್ಣ ಮರಳುಕಾಗದದಿಂದ ಮೆಲ್ಲಗೆ ಉಜ್ಜಿದಾಗ ಕಪ್ಪಿನ ಕೆಳಗೆ ನೀಲಿ, ನೀಲಿಯ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಮರೂನ್ ಬಂತು. ಆದರೆ ಹೊರಗಿನ ಆ ಮರೂನ್ ನಮ್ಮ ಬಿಸಿಲಿಗೆ ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಲೈಟಿನ ರಿಂಗ್ ಕೂರುವ ಅಂಚಿನ ಹಿಂದೆ, ಬಿಸಿಲೇ ತಾಗದ ಬೆರಳಗಲ ಜಾಗದಲ್ಲಿ, ಅದೇ ಬಣ್ಣ ಇನ್ನೂ ಗಾಢವಾಗಿತ್ತು. ಡೂಮ್ ಅನ್ನೇ ಬಣ್ಣದ ಅಂಗಡಿಗೆ ಒಯ್ದು ಆ ಜಾಗಕ್ಕೆ ಹೊಂದಿಸಿಕೊಂಡೆ. ಹೊಂದಿಕೆಯನ್ನು ಹಗಲು ಬೆಳಕಿನಲ್ಲಿ, ಅಂಗಡಿಯ ಹೊರಗೆ ನಿಂತು ನೋಡಬೇಕು. ಟ್ಯೂಬ್‌ಲೈಟ್ ಕೆಳಗೆ ಮರೂನ್ ಬೇರೆಯೇ ಆಗಿ ಕಾಣುತ್ತದೆ.

ಬಂಗಾರದ ಬಣ್ಣದ ಗೆರೆಗಳಿಗೆ ಸ್ಟಿಕ್ಕರ್ ಸಿಗುತ್ತದೆ. ನನಗೆ ಅದು ಬೇಡವಾಗಿತ್ತು. ಹಳೆಯ ಬಣ್ಣ ತೆಗೆಯುವ ಮೊದಲೇ ಬಟರ್ ಪೇಪರ್ ಇಟ್ಟು ಗೆರೆಗಳ ಹಾದಿ, ತಿರುವು, ಅಗಲ ಎಲ್ಲವನ್ನೂ ತೆಗೆದಿಟ್ಟುಕೊಂಡಿದ್ದೆ. ಆ ಕಾಗದ ಹಿಡಿದು, ಕನ್ನಡ ಮತ್ತು ಉರ್ದು ಎರಡರಲ್ಲೂ ಅಂಗಡಿ ಬೋರ್ಡ್ ಬರೆಯುತ್ತಿದ್ದ ಹಿರಿಯ ಪೇಂಟರ್ ಒಬ್ಬರ ಬಳಿ ಹೋದೆ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆ. "ಟೇಪ್ ಅಂಟಿಸಿ ಎಳೆಯೋಣವೇ, ಚಾಚಾ?" ಎಂದು ಕೇಳಿದೆ. "ಟೇಪ್ ತೆಗೆದರೆ ಅಂಚು ಎದ್ದು ನಿಲ್ಲುತ್ತದೆ, ಬೇಟಾ. ಕಾರ್ಖಾನೆಯಲ್ಲೂ ಕೈಯಿಂದಲೇ ಎಳೆದಿರಬೇಕು, ನಿನ್ನ ಕಾಗದದಲ್ಲೇ ನೋಡು" ಎಂದರು. ನಿಜ, ತಿರುವಿನಲ್ಲಿ ಹಳೆಯ ಗೆರೆ ಕೂದಲೆಳೆಯಷ್ಟು ಹೆಚ್ಚು ದಪ್ಪವಾಗಿತ್ತು. ಅವರು ಉದ್ದ ಕೂದಲಿನ ಕುಂಚವನ್ನು ಬಣ್ಣದಲ್ಲಿ ಅದ್ದಿ, ಗಾಜಿನ ಮೇಲೆ ಎರಡು ಬಾರಿ ಒರೆಸಿ, ಕಿರುಬೆರಳನ್ನು ಮಡ್‌ಗಾರ್ಡ್ ಅಂಚಿಗೆ ಆನಿಸಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ಎಳೆದರು. ಇಡೀ ಗಾಡಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಆ ಗೆರೆ.

ಇನ್ನು ಸ್ಕ್ರೂಗಳು. ಎಂಜಿನ್ ಕವರಿಗೆ ಇರಬೇಕಾದದ್ದು ಒಂದೇ ಗೀರಿನ ತಲೆಯ ಸ್ಕ್ರೂ. ಹಿಂದಿನವರು ಅಲ್ಲಿ ತಲೆಯಲ್ಲಿ ಆರು ಮೂಲೆಯ ಕುಳಿ ಇರುವ ಅಲೆನ್ ಬೋಲ್ಟ್ ಹಾಕಿದ್ದರು. ಬಿಚ್ಚಲು ಸುಲಭ ಎಂಬುದು ನಿಜ, ಆದರೆ 1968ರ ಎಂಜಿನ್ ಮೇಲೆ ಅವು ದೂರದಿಂದಲೇ ಕಣ್ಣಿಗೆ ಚುಚ್ಚುತ್ತವೆ. ಗುಜರಿಯ ಒಂದು ಒಡೆದ ಎಂಜಿನ್‌ನಿಂದ ಹಳೆಯವನ್ನೇ ಬಿಚ್ಚಿಕೊಂಡೆ. ಗೀರು ಹಾಳಾಗದಿರಬೇಕಾದರೆ ಸ್ಕ್ರೂಡ್ರೈವರ್ ತುದಿ ಗೀರಿನ ತುಂಬ ಕೂರಬೇಕು. ಅದಕ್ಕಾಗಿ ಒಂದನ್ನು ಅರದಿಂದ ಉಜ್ಜಿ ಅಳತೆಗೆ ತಂದೆ.

ಎಂಜಿನ್ ಒಳಗಿನ ಬೋರ್ ಮತ್ತು ಕ್ರ್ಯಾಂಕ್ ಕೆಲಸವನ್ನು ಹೈದರಾಬಾದಿನ ಲೇತ್‌ನಲ್ಲಿ ಮಾಡಿಸಿದೆ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಆಯಿಲ್ ಸೀಲ್‌ಗಳಿಗೆ ಜಿಪುಣತನ ಸಲ್ಲದು. ಅಲ್ಲಿಂದ ಗಾಳಿ ನುಗ್ಗಿದರೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಜಿಕೋವ್ ಕಾರ್ಬುರೇಟರ್‌ಗೂ ಇದೇ ಮಾತು. ಅದರ ಬಾಡಿ ಸತುವಿನ ಮಿಶ್ರಲೋಹ. ಅತಿಯಾಗಿ ಬಿಗಿದು ಬಿಗಿದು ಫ್ಲ್ಯಾಂಜ್, ಅಂದರೆ ಎಂಜಿನ್‌ಗೆ ಕೂರುವ ಚಪ್ಪಟೆ ಅಂಚು, ಬಾಗಿತ್ತು. ದಪ್ಪ ಗಾಜಿನ ಮೇಲೆ ಮರಳುಕಾಗದ ಹಾಸಿ, ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಿದೆ. ಇದನ್ನು ಸ್ವಚ್ಛಗೊಳಿಸಲು ಆ್ಯಸಿಡ್ ಬಳಸಲೇಬಾರದು, ಸತು ತಿಂದುಹೋಗುತ್ತದೆ.

12 ವೋಲ್ಟ್‌ಗೆ ಬದಲಿಸಿ ಎಂದು ಸಲಹೆ ಕೊಟ್ಟವರು ಬಹಳ. ನಾನು 6 ವೋಲ್ಟ್ ಡೈನಮೊವನ್ನೇ ಉಳಿಸಿಕೊಂಡೆ. ಮಂದ ಬೆಳಕಿಗೆ ಹಲವು ಬಾರಿ ಕಾರಣ ಡೈನಮೊ ಅಲ್ಲ. ಅಷ್ಟೇ ವ್ಯಾಟ್‌ಗೆ 6 ವೋಲ್ಟ್‌ನಲ್ಲಿ ಎರಡರಷ್ಟು ಕರೆಂಟ್ ಹರಿಯಬೇಕು, ಆದ್ದರಿಂದ ತುಕ್ಕು ಹಿಡಿದ ಒಂದೊಂದು ಜೋಡಣೆಯೂ ಬೆಳಕನ್ನು ನುಂಗುತ್ತದೆ. ಹೊಸ ಬಣ್ಣ ಅರ್ತಿಂಗ್ ಜಾಗವನ್ನೂ ಮುಚ್ಚಿರುತ್ತದೆ. ಅಲ್ಲಿ ಲೋಹ ಕಾಣುವವರೆಗೆ ಕೆರೆದು, ದಪ್ಪ ವೈರ್ ಹಾಕಿ, ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪ್ಲಾಟಿನಂ ಪಾಯಿಂಟ್‌ಗಳ ಅಂತರವನ್ನು 0.4 ಮಿ.ಮೀ.ಗೆ ಇಟ್ಟ ಮೇಲೆ ಬೆಳಕೂ ಕಿಡಿಯೂ ಸುಧಾರಿಸಿದವು.

ಟ್ಯಾಂಕಿನ ಎರಡೂ ಬದಿಗೆ ಮಾತ್ರ ಹೊಸ ಕ್ರೋಮ್ ಮಾಡಿಸಿದೆ. ಹ್ಯಾಂಡಲ್ ಮೇಲೆ ಸಣ್ಣ ಚುಕ್ಕೆಗಳಿವೆ, ಆದರೆ ಕ್ರೋಮ್ ಮೂಲದ್ದು. ಅದನ್ನು ಮುಟ್ಟಲಿಲ್ಲ. ಗೇರ್ ಮತ್ತು ಕಿಕ್ ಎರಡಕ್ಕೂ ಒಂದೇ ಆದ ಆ ಲಿವರ್ ಮೇಲಿನ ಸವೆತವನ್ನೂ ಹಾಗೆಯೇ ಬಿಟ್ಟೆ. ಸರಿಯಾಗಿ ಉಳಿದಿರುವುದನ್ನು ಹೊಳಪಿನ ಆಸೆಗೆ ಬಲಿ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ದಾಖಲೆಯ ದೃಷ್ಟಿಯಿಂದಲೂ ಇದು ಮುಖ್ಯ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಿಲ್ಲದ ಗಾಡಿ ವಿಂಟೇಜ್ ನೋಂದಣಿಗೆ ಅರ್ಹ. ನೋಂದಣಿಯ ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು, ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಫೋಟೊಗಳು, ಬಟರ್ ಪೇಪರ್, ಆರ್‌ಸಿ ಪುಸ್ತಕ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಡಿಸಿಟ್ಟಿದ್ದೇನೆ, ಅರ್ಜಿ ಹಾಕುವುದು ಬಾಕಿ ಇದೆ. ಟ್ಯಾಂಕಿನ ಮೊಣಕಾಲು ರಬ್ಬರ್ ಇನ್ನೂ ಸಿಕ್ಕಿಲ್ಲ. ಈಗ ಮಾರುವ ನಕಲುಗಳು ತೀರಾ ಮೆದುವಾಗಿವೆ, ಹಳೆಯ ಜೋಡಿಗಾಗಿ ಸೊಲ್ಲಾಪುರದ ಗುಜರಿಗಳಲ್ಲಿ ಹುಡುಕುತ್ತಿದ್ದೇನೆ.