ತೋಡು ದಾಟಿದ ಗೆರೆಯನ್ನು ವಾಪಸ್ ತಂದದ್ದು

"ಗೆರೆ ಎಳೆದಾಯ್ತು ಮಾರಾಯ, ಇನ್ನು ಬದಲಾಗ್ಲಿಕ್ಕುಂಟಾ?" 2024ರ ನವೆಂಬರಿನಲ್ಲಿ ವಾರ್ಡು ವಿಭಜನೆಯ ಕರಡು ಬಂದಾಗ ನಮ್ಮ ಹಿರಿಯ ಕಾರ್ಯಕರ್ತರು ಹೇಳಿದ್ದು ಇದನ್ನೇ. ಬದಲಾಯಿತು. ಹೇಗೆ ಅಂತ ಬರೆಯುತ್ತೇನೆ.

ನಮ್ಮದು ಕಾಸರಗೋಡಿನ ಉತ್ತರದ ಒಂದು ಪಂಚಾಯತು. ಹೊಸ ಗೆರೆ ತೋಡು, ಅಂದರೆ ಸಣ್ಣ ಹಳ್ಳ, ದಾಟಿ ಬಂದು ಗುಡ್ಡೆ ಬದಿಯ 57 ಕನ್ನಡ ಮನೆಗಳನ್ನು ಆಚೆ ವಾರ್ಡಿಗೆ ಎಳೆದುಕೊಂಡಿತ್ತು. ಅರುವತ್ತು ಚಿಲ್ಲರೆ ಮನೆ ಈಚೆ ಉಳಿದವು. ಒಟ್ಟಿಗಿದ್ದರೆ ಮೆಂಬರ್ ಯಾರೇ ಆಗಲಿ, ನಮ್ಮ ಮಾತು ಕೇಳಲೇಬೇಕು. ಎರಡು ತುಂಡಾದರೆ ಎರಡೂ ಕಡೆ ನಾವು ಲೆಕ್ಕಕ್ಕಿಲ್ಲ. ಮಂಜೇಶ್ವರದಲ್ಲಿ 2016ರ ವಿಧಾನಸಭೆ ಸೀಟು ತೀರ್ಮಾನವಾದದ್ದು ಬರೇ 89 ಮತದಲ್ಲಿ. 57 ಮನೆ ಸಣ್ಣ ವಿಷಯ ಅಲ್ಲ.

ಮೊದಲು ಆಕ್ಷೇಪದ ಮನವಿ ಬರೆದು 230 ಸಹಿ ಹಾಕಿಸಿದೆ. ನಿವೃತ್ತ ಗುಮಾಸ್ತರೊಬ್ಬರು ಓದಿ, "ಲೆಕ್ಕ ಎಲ್ಲಿ?" ಎಂದರು. ಆಮೇಲೆ ಉಪಗ್ರಹ ಚಿತ್ರದಲ್ಲಿ ಮನೆಗಳ ಮಾಡು (ಛಾವಣಿ) ಎಣಿಸಿದೆ. ಮಂಗಳೂರಿನಲ್ಲಿ ದೊಡ್ಡ ಪ್ರಿಂಟ್ ತೆಗೆಸಿ 700 ರೂಪಾಯಿ ದಂಡ. ಹಟ್ಟಿ, ಅಡಿಕೆ ಶೆಡ್ ಎಲ್ಲ ಮನೆಯಾಗಿ ಕಂಡು ಇಪ್ಪತ್ತರಷ್ಟು ಜಾಸ್ತಿ ಬಂತು.

ಕೊನೆಗೆ ನಡೆದೆ. ಒಂಬತ್ತು ಸಂಜೆ. ಕೆಂಪುಕಲ್ಲಿನ ಗೋಡೆಯಲ್ಲಿ ಬರೆದ ಮನೆ ನಂಬರು ಎಷ್ಟೋ ಕಡೆ ಮಾಸಿತ್ತು. ಒಬ್ಬರು ಅಜ್ಜಿ ಅಕ್ಕಿ ಡಬ್ಬಿಯೊಳಗಿಂದ ತೆರಿಗೆ ರಶೀದಿ ತೆಗೆದು ತೋರಿಸಿದರು. ಜನ ಇರುವ ಮನೆಗೆ ಹಸಿರು ಚುಕ್ಕಿ, ಬೀಗ ಹಾಕಿದ್ದಕ್ಕೆ ಕೆಂಪು. ನಮ್ಮ ಮನೆಗಳು ಈಚೆ ಬಂದರೆ ಬದಲಿಗೆ ಯಾವುದೋ ಕೆಲವು ಆಚೆ ಹೋಗಬೇಕಲ್ವಾ? ಅದನ್ನು ಆರಿಸಿದ ರೀತಿ ಇಲ್ಲಿ ಬರೆಯುವುದಿಲ್ಲ, ಮುಂದಕ್ಕೂ ಬೇಕಾಗುತ್ತದೆ. ಎರಡೂ ವಾರ್ಡಿನ ಜನಸಂಖ್ಯೆ ಸರಾಸರಿಯಿಂದ ಶೇಕಡಾ 10ಕ್ಕಿಂತ ಹೆಚ್ಚು ಆಚೀಚೆ ಆಗಲಿಲ್ಲ. ಮನವಿಯಲ್ಲಿ ಪಕ್ಷದ ಹೆಸರು ಒಂದು ಕಡೆಯೂ ಇಲ್ಲ. ತೋಡು, ರಸ್ತೆ, ಮನೆ ಸಂಖ್ಯೆ, ಅಷ್ಟೇ.

ಆ ದಿನಗಳಲ್ಲೇ ಇನ್ನೊಂದು ಮಾಡಿ ನೋಡಿದೆ. ಹಿಂದಿನ ಚುನಾವಣೆಯ ಬೂತ್ ಲೆಕ್ಕ ಹಿಡಿದು ಐದು ವಾರ್ಡುಗಳ ಗೆರೆಯನ್ನು ಮೂರು ಥರ ಎಳೆದೆ. ಮತ ಅವೇ. ಒಂದೇ ಪಕ್ಷಕ್ಕೆ ಒಂದು ಸಲ ನಾಲ್ಕು ಸೀಟು, ಒಂದು ಸಲ ಮೂರು, ಒಂದು ಸಲ ಒಂದೇ ಒಂದು. ರಾತ್ರಿ ನಿದ್ದೆ ಬರಲಿಲ್ಲ. 1812ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಎಲ್‌ಬ್ರಿಜ್ ಗೆರಿ ಗವರ್ನರ್ ಆಗಿದ್ದಾಗ ಹೀಗೇ ಗೆರೆ ಎಳೆದು, ಕಡಿಮೆ ಮತ ಬಿದ್ದ ಪಕ್ಷ ಆ ರಾಜ್ಯದ ಸೆನೆಟಿನ 40ರಲ್ಲಿ 29 ಸೀಟು ಗೆದ್ದಿತ್ತು. ಜನ ಓಟು ಹಾಕುವ ಮೊದಲೇ ಫಲಿತಾಂಶ ಬರೆದಿಟ್ಟ ಹಾಗೆ. ನಮ್ಮಲ್ಲಿ ಅದು ಆಗಬಾರದು.

ಆಕ್ಷೇಪಗಳ ಹಿಯರಿಂಗಿನಲ್ಲಿ ಸಿಕ್ಕಿದ್ದು ಎರಡು ನಿಮಿಷ. ನಕ್ಷೆಯ ಮೇಲೆ ಜುಲೈ ತಿಂಗಳ ಫೋಟೋ ಇಟ್ಟೆ. ತೋಡು ತುಂಬಿ ಅಡಿಕೆ ಮರದ ಸಂಕ (ಕಾಲುಸೇತುವೆ) ಮುಳುಗಿದ್ದು. "ಗ್ರಾಮಸಭೆಗೆ ಇದನ್ನು ದಾಟಬೇಕಾ?" ಅಂತ ಅಧಿಕಾರಿ ಕೇಳಿದರು. "ಹೌದು ಸರ್, ಸುತ್ತಿ ಹೋದರೆ ಐದು ಕಿಲೋಮೀಟರ್" ಎಂದೆ.

ಒಟ್ಟು ಖರ್ಚು 3,500ರ ಆಸುಪಾಸು. ಅರ್ಧ ಆಟೋಕ್ಕೇ ಹೋಯಿತು.

ಅಂತಿಮ ಪಟ್ಟಿಯಲ್ಲಿ 54 ಮನೆ ವಾಪಸ್ ಬಂದವು. ತಿರುವಿನಾಚೆಯ ಮೂರಕ್ಕೆ ನಾನು ರಸ್ತೆಯ ಗುರುತು ಸರಿಯಾಗಿ ಕೊಟ್ಟಿರಲಿಲ್ಲ. 2025ರ ಡಿಸೆಂಬರ್ 11ರ ಪಂಚಾಯತು ಚುನಾವಣೆಗೆ 54 ಮನೆಯವರು ನಮ್ಮ ಶಾಲೆಗೆ ನಡೆದು ಬಂದು ಓಟು ಹಾಕಿದರು. ಆ ಮೂರು ಮನೆಯವರು ಆಟೋ ಹಿಡಿದು ಆಚೆ ಹೋದರು.