ಆಶಯ ಹೇಳಿ, ಪುಟ ತೋರಿಸಿ

ಕಾದಂಬರಿಯ ಆಶಯವೇನು ಎಂದು ಪ್ಲಸ್ ಟು ಮಕ್ಕಳನ್ನು ಕೇಳಿದರೆ ಉತ್ತರ ಒಂದೇ ಪದದಲ್ಲಿ ಬರುತ್ತದೆ: ಬಡತನ, ಶೋಷಣೆ, ಅಸ್ಪೃಶ್ಯತೆ. ಗೈಡಿನಲ್ಲಿರುವುದೂ ಅದೇ. ಅಷ್ಟು ಬರೆಯಲು ಪುಸ್ತಕ ತೆರೆಯಬೇಕಾದ್ದೇ ಇಲ್ಲ! ಹಾಗಾಗಿ ಕಾಸರಗೋಡಿನ ನನ್ನ ಕನ್ನಡ ತರಗತಿಯಲ್ಲಿ ಒಂದು ಕಟ್ಟುನಿಟ್ಟು: ಆಶಯವನ್ನು ಪೂರ್ತಿ ವಾಕ್ಯವಾಗಿ ಹೇಳಬೇಕು, ಅದಕ್ಕೆ ಪಕ್ಕದವನು ‘ಅಲ್ಲ’ ಅನ್ನಲು ಎಡೆಯಿರಬೇಕು.

ನಾನು ಓದಿಸುವುದು ಶಿವರಾಮ ಕಾರಂತರ ‘ಚೋಮನ ದುಡಿ’ (1933). ಸ್ವಂತ ಗದ್ದೆಯ ಕನಸು ಕಾಣುವ, ಅಸ್ಪೃಶ್ಯ ಜಾತಿಯ ಆಳು ಚೋಮನ ಕಥೆ ಅದು. ಪುಸ್ತಕ ತೆಳು. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಮರಾಟಿ ಆಡುವ ಮಕ್ಕಳಿಗೂ ಅದರ ಧಣಿ, ಭೂತ, ಗದ್ದೆ ಹೊಸತಲ್ಲ. ಮೊದಲ ಓದಿನಲ್ಲಿ ಆಶಯದ ಸುದ್ದಿಯೇ ಎತ್ತುವುದಿಲ್ಲ. ಎರಡನೇ ಓದಿಗೆ ಗುಂಪು ಮಾಡಿ ಒಬ್ಬರಿಗೆ ದುಡಿ (ಚೋಮ ಬಾರಿಸುವ ಚರ್ಮವಾದ್ಯ), ಒಬ್ಬರಿಗೆ ಎತ್ತು, ಇನ್ನೊಬ್ಬರಿಗೆ ಸಾಲ ಎಂದು ಹಂಚುತ್ತೇನೆ. ತಮ್ಮ ಪಾಲಿನದು ಬಂದಲ್ಲೆಲ್ಲ ಪುಟಸಂಖ್ಯೆ ಹಾಕಿ, ಅದಕ್ಕೆ ತುಸು ಮೊದಲು ಏನಾಗಿತ್ತು ಎಂದು ಬರೆದಿಡಬೇಕು.

ವಾಕ್ಯಗಳು ಹುಟ್ಟುವುದು ಆ ಟಿಪ್ಪಣಿಯಿಂದ. ‘ಧಣಿ ಕ್ರೂರಿ, ಹಾಗಾಗಿ ಚೋಮನಿಗೆ ಭೂಮಿ ಸಿಗಲಿಲ್ಲ’ ಎಂಬುದು ಹೆಚ್ಚುಕಡಿಮೆ ಪ್ರತಿ ಸಲವೂ ಮೊದಲು ಬರುತ್ತದೆ. ಪುಟ ತೋರಿಸಿ ಎನ್ನುತ್ತೇನೆ. ಹುಡುಕುತ್ತಾ ಹೋದರೆ ಧಣಿ ಸಂಕಪ್ಪಯ್ಯನ ಮನಸ್ಸು ಒಂದಿಷ್ಟು ಕರಗಿದ್ದು, ಅವನ ತಾಯಿ ಅಡ್ಡ ಬಂದದ್ದು ಸಿಗುತ್ತದೆ. ವಾಕ್ಯ ಅಲ್ಲಿಗೆ ಬಿತ್ತು. ತಿದ್ದಿ ಬರೆದಾಗ ‘ಒಬ್ಬ ಧಣಿಯ ಮನಸ್ಸು ಕರಗಿದರೂ ಕಟ್ಟಳೆ ಕರಗುವುದಿಲ್ಲ’ ಎಂದಾಗುತ್ತದೆ. ಇದಕ್ಕೆ ಚೋಮನ ಮಗ ನೀಲ ನೀರಲ್ಲಿ ಮುಳುಗುವ ಭಾಗವೂ ಆಧಾರ: ಅಲ್ಲಿ ಧಣಿ ಇಲ್ಲ, ಮುಟ್ಟಲು ಹಿಂಜರಿದ ಜನ ಇದ್ದಾರೆ.

ಸಾಲದ ಗುಂಪು ಸುಮ್ಮನಿರುವುದಿಲ್ಲ. ಕಾಫಿ ತೋಟದ ಸಾಲ ತೀರಿಸಲು ಹೋದ ಚೋಮನ ಮಕ್ಕಳಲ್ಲಿ ಚನಿಯ ಜ್ವರದಿಂದ ಸತ್ತ, ಗುರುವ ಕ್ರೈಸ್ತನಾದ, ಮಗಳು ಬೆಳ್ಳಿ ತೋಟದ ರೈಟರ್ ಮನ್ವೇಲನ ಕೈಗೆ ಸಿಕ್ಕಳು. ಸಂಸಾರ ಒಡೆದದ್ದು ಸಾಲದಿಂದಲೇ ಎಂದು ಅವರ ವಾದ. ನಾನು ತೀರ್ಪು ಕೊಡುವುದಿಲ್ಲ. ಸ್ವಂತ ಗದ್ದೆ ಇದ್ದಿದ್ದರೆ ಮಕ್ಕಳು ತೋಟಕ್ಕೆ ಹೋಗಬೇಕಿತ್ತೇ ಎಂದಷ್ಟೇ ಕೇಳುತ್ತೇನೆ.

ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಅಜ್ಜನಿಗೆ ಹಾಗೆ ಭೂಮಿ ಬಂತು ಎಂದು ಯಾರಾದರೂ ತಾವಾಗಿ ಹೇಳಿದರೆ ಕೇಳುತ್ತೇನೆ, ಉತ್ತರದಲ್ಲಿ ಆಧಾರವಾಗಿ ಒಪ್ಪುವುದಿಲ್ಲ. ನಿಮ್ಮ ಮನೆಯ ಅನುಭವ ಹೇಳಿ ಎಂದು ನಾನಾಗಿ ಕೇಳುವುದೂ ಇಲ್ಲ. ಜಾತಿಯ ಕಥೆ ಓದುವಾಗ ಯಾವ ಮಗುವೂ ತರಗತಿಯ ಮುಂದೆ ಉದಾಹರಣೆಯಾಗಿ ನಿಲ್ಲಬೇಕಿಲ್ಲ.

ಬರವಣಿಗೆಯಲ್ಲಿ ಕಾದಂಬರಿಯ ಮಾತು ಎರಡು ಸಾಲು ಸಾಕು. ಅದು ತಮ್ಮ ವಾಕ್ಯವನ್ನು ಹೇಗೆ ಎತ್ತಿ ಹಿಡಿಯುತ್ತದೆ ಎಂಬ ವಿವರಣೆ ಅದಕ್ಕಿಂತ ಉದ್ದವಿರಬೇಕು. ಕಥೆಯನ್ನೇ ಮತ್ತೆ ಹೇಳಿದರೆ ಅಂಕವಿಲ್ಲ. ಕೊನೆಯಲ್ಲಿ ತಮ್ಮ ಆಶಯಕ್ಕೆ ಹೊಂದದ ಒಂದು ಘಟನೆಯನ್ನೂ ಬರೆಯಬೇಕು. ಮತ ಬದಲಿಸಲು ಇಗರ್ಜಿಗೆ (ಚರ್ಚಿಗೆ) ಹೊರಟ ಚೋಮ ಹಿಂತಿರುಗಿದ್ದನ್ನೇ ಹೆಚ್ಚಿನವರು ಆರಿಸುತ್ತಾರೆ. ಮತ ಬದಲಿಸಿದರೆ ಭೂಮಿ ಸಿಗುತ್ತಿತ್ತಲ್ಲ, ಯಾಕೆ ಬಂದ ಎಂದು ಸಾಲದ ಗುಂಪಿನವರೂ ಕಟ್ಟಳೆಯ ವಾಕ್ಯ ಬರೆದವರೂ ಗಂಟೆ ಹೊಡೆದ ಮೇಲೂ ಜಗಳಾಡುತ್ತಾರೆ.