ಹ್ಯಾಸ್ಕೆಲ್ ಅನ್ನು ಒರೆಗೆ ಹಚ್ಚಿದ ಮೂರು ತಿಂಗಳು

ಸ್ಥಾವರಗಳ ಕೊಳವೆ ಜಾಲಗಳಲ್ಲಿನ ಒತ್ತಡ ಮತ್ತು ಹರಿವನ್ನು ಲೆಕ್ಕ ಹಾಕುವ ನಮ್ಮ ತಂತ್ರಾಂಶ ಸಿ ಪ್ಲಸ್ ಪ್ಲಸ್‌ನಲ್ಲಿತ್ತು. ಹಲವು ಕೈಗಳು ವರ್ಷಗಟ್ಟಲೆ ತಿದ್ದಿದ ಕೋಡ್ ಆದ್ದರಿಂದ ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಅದರ ಜಾಗಕ್ಕೆ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತರಬಹುದೇ ಎಂದು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಸುಲಭದ ಭಾಗವನ್ನು ಬೇಕೆಂದೇ ಬಿಟ್ಟೆ; ಸುಲಭದ್ದು ಯಾವ ಭಾಷೆಯಲ್ಲಿ ಬರೆದರೂ ಚೆನ್ನಾಗಿಯೇ ಕಾಣುತ್ತದೆ. ವಿನ್ಯಾಸದ ದತ್ತಾಂಶವು ನಿಯಮಗಳಿಗೆ ಹೊಂದುತ್ತದೆಯೇ ಎಂದು ತಪಾಸಣೆ ಮಾಡುವ, ಅತಿ ಹೆಚ್ಚು ದೂರುಗಳು ಬರುತ್ತಿದ್ದ ಭಾಗವನ್ನೇ ಆರಿಸಿಕೊಂಡೆ.

ಮೊದಲ ಲಾಭ ಕಂಡದ್ದು ಅಳತೆಯ ಮಾನಗಳಲ್ಲಿ. ಹಳೆಯ ಕೋಡಿನಲ್ಲಿ ಒತ್ತಡವೂ ಉದ್ದವೂ ಬರೀ ಡಬಲ್, ಎಂದರೆ ಮಾನದ ಗುರುತಿಲ್ಲದ ದಶಾಂಶ ಸಂಖ್ಯೆ. ಒತ್ತಡ ಬಾರ್‌ನಲ್ಲಿ ಬರಬೇಕಾದಲ್ಲಿ ಪ್ಯಾಸ್ಕಲ್‌ನಲ್ಲಿ ಬಂದರೂ, ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಚಕಾರ ಎತ್ತುತ್ತಿರಲಿಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದೂ ಪೌಂಡ್ ಮತ್ತು ನ್ಯೂಟನ್‌ಗಳ ಇಂಥದೇ ಗೊಂದಲದಿಂದ. ನಾವು ಪ್ರತಿ ಮಾನಕ್ಕೂ ಒಂದು ನ್ಯೂಟೈಪ್, ಎಂದರೆ ಸಂಖ್ಯೆಯ ಮೇಲೆ ಬೇರೆ ಹೆಸರಿನ ಹೊದಿಕೆ, ಮಾಡಿದೆವು; ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಕಂಪೈಲರ್ ತಡೆಯುತ್ತದೆ. ಆ ಹೊದಿಕೆಗೆ ಪ್ರೋಗ್ರಾಂ ಓಡುವಾಗ ಹೆಚ್ಚಿನ ಮೆಮೊರಿ ಬೇಕಾಗುವುದಿಲ್ಲ. ಕವಾಟದ ಬಗೆಗಳನ್ನೆಲ್ಲ ಒಂದೇ ಡೇಟಾ ಟೈಪಿನಲ್ಲಿ ಬರೆದು, ಅಪೂರ್ಣ ಪ್ಯಾಟರ್ನ್‌ಗಳ (ಯಾವುದೋ ಬಗೆಯನ್ನು ಮರೆತ ಕೋಡಿನ) ಎಚ್ಚರಿಕೆಯನ್ನು ದೋಷವೆಂದೇ ಎಣಿಸುವಂತೆ ಹ್ಯಾಸ್ಕೆಲ್‌ನ ಕಂಪೈಲರ್ ಜಿಎಚ್‌ಸಿಗೆ ಹೇಳಿದ ಮೇಲೆ, ಹೊಸ ಬಗೆ ಸೇರಿದಾಗ ಎಲ್ಲೆಲ್ಲಿ ತಿದ್ದಬೇಕೆಂಬುದನ್ನು ಕಂಪೈಲರೇ ತೋರಿಸತೊಡಗಿತು. ಉಳಿದ ಬಗೆಗಳನ್ನೆಲ್ಲ ‘ಯಾವುದಾದರೂ ಸರಿ’ ಎನ್ನುವ ಒಂದು ಅಂಡರ್‌ಸ್ಕೋರ್‌ಗೆ ಒಪ್ಪಿಸುವ ಸೋಮಾರಿತನ ಮಾಡಿದರೆ ಈ ಸೌಲಭ್ಯ ಇಲ್ಲ. ನಾನು ಎರಡು ಕಡೆ ಮಾಡಿ ಪಶ್ಚಾತ್ತಾಪ ಪಟ್ಟಿದ್ದೇನೆ.

ನಿಜವಾದ ಕಷ್ಟ ಮೆಮೊರಿಯದು. ಸಣ್ಣ ಜಾಲಗಳಲ್ಲಿ ಸಲೀಸಾಗಿ ಓಡಿದ ಪ್ರೋಗ್ರಾಂ ದೊಡ್ಡ ಜಾಲ ಕೊಟ್ಟೊಡನೆ ಗಿಗಾಬೈಟ್‌ಗಟ್ಟಲೆ ನುಂಗಿ ನಿಂತುಬಿಟ್ಟಿತು. ಮೆಮೊರಿಯನ್ನು ಯಾವುದು ತಿನ್ನುತ್ತಿದೆ ಎಂದು ತೋರಿಸುವ ಹೀಪ್ ಪ್ರೊಫೈಲ್ ತೆಗೆದು ನೋಡಿದರೆ ಕಂಡದ್ದು ಥಂಕ್‌ಗಳ, ಎಂದರೆ ಇನ್ನೂ ಮಾಡದೆ ಮುಂದೂಡಿದ ಲೆಕ್ಕಗಳ, ರಾಶಿ: ಪ್ರತಿ ಕೊಳವೆಯ ಮೊತ್ತವನ್ನು ಬೆಲೆ ಬೇಕಾಗುವವರೆಗೆ ಲೆಕ್ಕ ಮಾಡದ ಲೇಜಿ ಮ್ಯಾಪ್‌ನಲ್ಲಿ (ಹೆಸರಿಗೊಂದು ಬೆಲೆ ಇಡುವ ಪಟ್ಟಿಯಲ್ಲಿ) ಕೂಡುತ್ತಾ ಹೋಗಿದ್ದೆ, ಕೂಡಿಸುವ ಕೆಲಸವೆಲ್ಲ ಮುಂದಕ್ಕೆ ಬಿದ್ದು ಬೆಳೆಯುತ್ತಲೇ ಇತ್ತು. ಪರಿಹಾರವೆಂದರೆ ಲೆಕ್ಕವನ್ನು ಆಗಲೇ ಮುಗಿಸುವ ಸ್ಟ್ರಿಕ್ಟ್ ಮ್ಯಾಪ್‌ಗಾಗಿ ಒಂದು ಇಂಪೋರ್ಟ್ ಸಾಲಿನ ಬದಲಾವಣೆ, ಆದರೆ ಆ ಸಾಲನ್ನು ಹುಡುಕಲು ನಾಲ್ಕು ದಿನ ಹಿಡಿಯಿತು. ಆಮೇಲೆ ಇಡೀ ಪ್ರಾಜೆಕ್ಟಿಗೆ, ಡೇಟಾ ಟೈಪುಗಳ ಒಳಗಿನ ಬೆಲೆಗಳನ್ನೂ ಮುಂದೂಡದಂತೆ ಮಾಡುವ ಸ್ಟ್ರಿಕ್ಟ್‌ಡೇಟಾ ಹಾಕಿ, ಅಕ್ಷರಗಳ ಸರಪಳಿಯಾದ ಸ್ಟ್ರಿಂಗ್ ಬಿಟ್ಟು ಕಡಿಮೆ ಜಾಗ ಹಿಡಿಯುವ ಟೆಕ್ಸ್ಟ್ ಬಳಸಿದೆವು.

ಸಮೀಕರಣಗಳನ್ನು ಬಿಡಿಸುವ ಭಾಗವನ್ನು ಮುಟ್ಟಲಿಲ್ಲ. ಅದು ವೇಗವಾಗಿಯೂ ಸರಿಯಾಗಿಯೂ ಇತ್ತು. ಅದಕ್ಕೊಂದು ಸಿ ಹೊದಿಕೆ ಕಟ್ಟಿ ಬೇರೆ ಭಾಷೆಯ ಕೋಡನ್ನು ಕರೆಯಲು ಇರುವ ಎಫ್‌ಎಫ್‌ಐ ಮೂಲಕ ಹ್ಯಾಸ್ಕೆಲ್‌ನಿಂದ ಕರೆದೆವು.

ಬೆಂಗಳೂರಿನಲ್ಲಿ ಈ ಭಾಷೆ ಬಲ್ಲವರು ಎಲ್ಲಿ ಸಿಗುತ್ತಾರೆ ಎಂಬುದು ಮೇಲಿನವರ ಆಕ್ಷೇಪವಾಗಿತ್ತು. ಅವರೇ ಆಟೋ ಕರೆಯಲು ಬಳಸುವ ‘ನಮ್ಮ ಯಾತ್ರಿ’ ಆ್ಯಪ್‌ನ ಬ್ಯಾಕೆಂಡ್ (ಸರ್ವರ್ ಬದಿಯ ಭಾಗ) ಹ್ಯಾಸ್ಕೆಲ್‌ನಲ್ಲಿದೆ, ಆ ಕೋಡ್ ಯಾರು ಬೇಕಾದರೂ ಓದಲು ತೆರೆದಿದೆ ಎಂದು ತೋರಿಸಿದ ಮೇಲೆ ಆ ಮಾತು ತುಸು ತಣ್ಣಗಾಯಿತು. ಹೀಗಿದ್ದರೂ ಇಡೀ ವ್ಯವಸ್ಥೆಯನ್ನು ಬದಲಿಸಲು ನಾನು ಶಿಫಾರಸು ಮಾಡಲಿಲ್ಲ, ತಪಾಸಣೆಯ ಭಾಗವನ್ನಷ್ಟೇ ಹೇಳಿದೆ. ಹಳೆಯದನ್ನು ಇನ್ನೂ ಅಳಿಸಿಲ್ಲ. ಎರಡೂ ಪ್ರತಿ ರಾತ್ರಿ ಒಂದೇ ದತ್ತಾಂಶದ ಮೇಲೆ ಓಡುತ್ತವೆ, ಉತ್ತರಗಳು ಬೇರೆಯಾದ ಕಡೆ ತಪ್ಪು ಯಾರದೆಂದು ಬೆಳಗ್ಗೆ ಕೂತು ನೋಡುತ್ತೇವೆ.